ಬಾಗಿಲು ಹಾಕಿ ತಂದ ಸಾಲ, ಬಡ್ಡಿ ಕಟ್ಟಿದ್ದು ಯಾರು?

1377ರಲ್ಲಿ ರಗುಸಾ ಅನ್ನುವ ಬಂದರು ಊರಿಗೆ ಇಕ್ಕಟ್ಟು ಎದುರಾಯಿತು. ಇವತ್ತು ಕ್ರೊವೇಷಿಯಾದಲ್ಲಿರುವ ಡುಬ್ರೊವ್ನಿಕ್ ಅಂದರೆ ಅದೇ ಊರು. ಸುತ್ತಮುತ್ತ ಪ್ಲೇಗ್ ಓಡಾಡುತ್ತಿತ್ತು. ಹಡಗು ಬಂದರೆ ಪ್ಲೇಗ್ ಬರುವ ಭಯ. ಹಡಗು ಬರದಿದ್ದರೆ ಊರಿನ ಹೊಟ್ಟೆ ತುಂಬುವುದಿಲ್ಲ. ಕೊನೆಗೆ ಊರಿನ ದೊಡ್ಡವರ ಸಭೆ ಒಂದು ನಿಯಮ ಮಾಡಿತು. ರೋಗ ಇರುವ ಕಡೆಯಿಂದ ಬಂದವರು ನೇರವಾಗಿ ಒಳಗೆ ಬರುವಂತಿಲ್ಲ. ಮೊದಲು 30 ದಿನ ಪಕ್ಕದ ಪುಟ್ಟ ದ್ವೀಪದಲ್ಲೋ ಇನ್ನೊಂದು ಊರಲ್ಲೋ ಇರಬೇಕು. ಏನೂ ಆಗದಿದ್ದರೆ ಬಂದು ವ್ಯಾಪಾರ ಮಾಡಿಕೊಳ್ಳಲಿ. ಮುಂದೆ ಬೇರೆ ಬಂದರುಗಳಲ್ಲಿ ಈ 30 ದಿನ 40 ಆಯಿತು. ಇಟಲಿಯವರ ಬಾಯಲ್ಲಿ ನಲವತ್ತು ಅಂದರೆ 'ಕ್ವಾರಂಟಾ'. ಕ್ವಾರಂಟೈನ್ ಅನ್ನುವ ಪದ ಹುಟ್ಟಿದ್ದು ಹೀಗೆ.

ಆ ಊರು ಸುಮ್ನೆ ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಕೂರಲಿಲ್ಲ. ಬಂದರು ತೆರೆದೇ ಇರಬೇಕು, ರೋಗ ಮಾತ್ರ ಹೊರಗಿರಬೇಕು ಅಂತ ತಲೆ ಓಡಿಸಿತು. ವ್ಯಾಪಾರ ನಡೆಯಲಿ ಅಂತಲೇ ಹುಟ್ಟಿದ ಉಪಾಯ ಅದು. ಆರೂವರೆ ಶತಮಾನ ಕಳೆದ ಮೇಲೆ ಅದೇ ಪದ ಕೇಳಿದರೆ ನಮಗೆ ನೆನಪಾಗುವುದು ಖಾಲಿ ರಸ್ತೆ, ಇಳಿಸಿದ ಶಟರ್, ಬೀಗ ಹಾಕಿದ ಶಾಲೆ.

ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ ಇತ್ತು. ಜೀವ ಮುಖ್ಯವೋ, ಜೀವನ ಮುಖ್ಯವೋ? ಕೇಳೋಕೆ ಚೆನ್ನಾಗಿದೆ. ಟಿವಿ ಚರ್ಚೆಗಂತೂ ಹೇಳಿ ಮಾಡಿಸಿದ ಹಾಗಿದೆ. ಆದರೆ ಈ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸಿತು ಅಂತ ನನಗೆ ಅನಿಸುತ್ತದೆ. ತಕ್ಕಡಿಯ ಒಂದು ಕಡೆ ಜೀವ, ಇನ್ನೊಂದು ಕಡೆ ಜೀವನ, ಇದು ಏರಿದರೆ ಅದು ಇಳಿಯುತ್ತದೆ ಅನ್ನುವ ಚಿತ್ರ ಅದರಲ್ಲಿದೆ. ನಿಜದಲ್ಲಿ ಹಾಗೆ ನಡೆಯಲಿಲ್ಲ.

2020ರ ವಸಂತದಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಏನು ಮಾಡಿದವು ನೋಡಿ. ಅಕ್ಕಪಕ್ಕದ ದೇಶಗಳು, ಜನರ ಬದುಕೂ ಹೆಚ್ಚುಕಮ್ಮಿ ಒಂದೇ ಥರ. ಡೆನ್ಮಾರ್ಕ್ ಬೇಗನೆ ಬಾಗಿಲು ಹಾಕಿತು. ಸ್ವೀಡನ್ ಹೆಚ್ಚಿನದನ್ನು ತೆರೆದೇ ಇಟ್ಟಿತು. ಎರಡೂ ಕಡೆ ಶಾಖೆ ಇರುವ ಒಂದು ದೊಡ್ಡ ಬ್ಯಾಂಕಿನ ಗ್ರಾಹಕರ ಖರ್ಚನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಮುಚ್ಚಿದ ಡೆನ್ಮಾರ್ಕಿನಲ್ಲಿ ಖರ್ಚು 29% ಇಳಿದಿತ್ತು. ತೆರೆದ ಸ್ವೀಡನ್ನಿನಲ್ಲಿ? 25% ಇಳಿದಿತ್ತು. ಸರ್ಕಾರ ಹೇಳಲಿ ಬಿಡಲಿ, ಭಯ ಬಿದ್ದ ಜನ ಮನೆಯಲ್ಲೇ ಕೂತರು. ಅಮೆರಿಕದಲ್ಲೂ ಇದೇ ಕಥೆ. ಆಸ್ಟನ್ ಗೂಲ್ಸ್‌ಬಿ ಮತ್ತು ಚಾಡ್ ಸೈವರ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಮೊಬೈಲ್ ಫೋನುಗಳ ಓಡಾಟ ಹಿಡಿದು ಲೆಕ್ಕ ಮಾಡಿದಾಗ, ಅಂಗಡಿಗಳಿಗೆ ಬರುವ ಗಿರಾಕಿಗಳು 60% ಕಡಿಮೆಯಾಗಿದ್ದರು. ಆ 60ರಲ್ಲಿ ಸರ್ಕಾರಿ ಆದೇಶದ ಪಾಲು ಬರೀ 7. ಮಿಕ್ಕದ್ದು ಜನರೇ ಭಯದಿಂದ ಮಾಡಿಕೊಂಡದ್ದು.

ಅಂದರೆ ರೋಗ ಬೀದಿಯಲ್ಲಿ ಓಡಾಡುತ್ತಿದ್ದರೆ ಅಂಗಡಿ ಬಾಗಿಲು ತೆರೆದಿದ್ದೂ ಜೀವನ ನಡೆಯುವುದಿಲ್ಲ. ಹಾಗಂತ ಬೀಗ ಹಾಕಿದರೆ ರೋಗ ಹೋಗಿಬಿಡುತ್ತದಾ? ಅದೂ ಇಲ್ಲ.

ಹಾಗಾದರೆ ಬೀಗ ಹಾಕಿ ಸಿಗುವುದೇನು? ಸಮಯ. ಅಷ್ಟೇ. ನಾನು ಇದನ್ನು ಸಾಲ ಅಂತ ನೋಡುತ್ತೇನೆ. ಊರಿಗೆ ಊರೇ ಬಾಗಿಲು ಹಾಕಿ ಒಂದು ತಿಂಗಳನ್ನೋ ಎರಡು ತಿಂಗಳನ್ನೋ ಸಾಲ ತರುತ್ತದೆ. ಸಾಲ ತಪ್ಪೇನಲ್ಲ, ಮನೆಗೆ ಬೆಂಕಿ ಬಿದ್ದಾಗ ಯಾರಾದರೂ ಸಾಲ ಮಾಡುತ್ತಾರೆ. ಆದರೆ ಸಾಲಕ್ಕೆ ಎರಡು ಪ್ರಶ್ನೆ ಅಂಟಿಕೊಂಡೇ ಇರುತ್ತವೆ. ತಂದ ದುಡ್ಡಲ್ಲಿ ಏನು ಮಾಡಿದಿರಿ? ಬಡ್ಡಿ ಯಾರು ಕಟ್ಟುತ್ತಿದ್ದಾರೆ? ಕೊರೊನಾ ಕಾಲದ ಚರ್ಚೆಯಲ್ಲಿ ಇವೆರಡನ್ನು ಕೇಳಿದವರು ಕಡಿಮೆ. ಸಾಲ ಮಾಡಬೇಕೋ ಬೇಡವೋ ಅಂತ ಕಿತ್ತಾಡಿದವರೇ ಜಾಸ್ತಿ.

ಮೊದಲು, ಈ ಸಾಲ ಬೇಕೇ ಆಗುವುದು ಯಾವಾಗ ಅಂತ ನೋಡೋಣ. ಹೊಸ ರೋಗ ಶುರುವಿನಲ್ಲಿ ದುಪ್ಪಟ್ಟಾಗುತ್ತಾ ಹೋಗುತ್ತದೆ. ಮೂರು ದಿನಕ್ಕೊಮ್ಮೆ ದುಪ್ಪಟ್ಟು ಅಂದುಕೊಳ್ಳಿ. ಇವತ್ತು 100 ಜನರಿಗಿದ್ದರೆ ಮೂರು ದಿನಕ್ಕೆ 200, ಆರಕ್ಕೆ 400, ಒಂಬತ್ತಕ್ಕೆ 800, ಹನ್ನೆರಡನೇ ದಿನ 1,600. ಸಾಲದ್ದಕ್ಕೆ, ಸೋಂಕು ತಗುಲಿ ಜ್ವರ ಬರುವ ಹೊತ್ತಿಗೆ ಸುಮಾರು ಐದು ದಿನ ಕಳೆದಿರುತ್ತದೆ. ಪರೀಕ್ಷೆ ಮಾಡಿ ಲೆಕ್ಕ ಕೊಡುವ ಹೊತ್ತಿಗೆ ಇನ್ನೂ ಕೆಲವು ದಿನ. ಹಾಗಾಗಿ ನಮ್ಮ ಕೈಯಲ್ಲಿರುವ ಸಂಖ್ಯೆ ಯಾವತ್ತೂ ಹಳೆಯದು. ಆಕಾಶದಲ್ಲಿ ಕಾಣುವ ನಕ್ಷತ್ರದ ಬೆಳಕಿನ ಹಾಗೆ. 'ಇನ್ನೂ ಅಷ್ಟೇನೂ ಇಲ್ಲವಲ್ಲ' ಅಂತ ಎರಡು ವಾರ ಕಾದವರು ಒಂದು ಅಲೆ ಕಾಣುವ ಹೊತ್ತಿಗೆ ಅದರೊಳಗೇ ಇರುತ್ತಾರೆ.

1918ರ ಫ್ಲೂ ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊದಲ ಕೇಸುಗಳು ಗೊತ್ತಾದದ್ದು ಸೆಪ್ಟೆಂಬರ್ 17ಕ್ಕೆ. ಆದರೂ ಸೆಪ್ಟೆಂಬರ್ 28ರಂದು ಯುದ್ಧಕ್ಕೆ ದುಡ್ಡು ಕೂಡಿಸುವ ದೊಡ್ಡ ಮೆರವಣಿಗೆ ನಡೆಯಿತು. ಬೀದಿಯಲ್ಲಿ ಸುಮಾರು ಎರಡು ಲಕ್ಷ ಜನ. ಶಾಲೆ, ಚರ್ಚು, ನಾಟಕಶಾಲೆ ಮುಚ್ಚಿದ್ದು ಅಕ್ಟೋಬರ್ 3ಕ್ಕೆ. ಸೇಂಟ್ ಲೂಯಿಸ್‌ನಲ್ಲಿ ಊರ ಜನರಲ್ಲಿ ಮೊದಲ ಕೇಸುಗಳು ಕಂಡದ್ದು ಅಕ್ಟೋಬರ್ 5ಕ್ಕೆ, ಎರಡೇ ದಿನಕ್ಕೆ ಬಾಗಿಲು ಹಾಕಿದರು. ಅತಿ ಕೆಟ್ಟ ವಾರದಲ್ಲಿ ಫಿಲಡೆಲ್ಫಿಯಾದಲ್ಲಿ ಲಕ್ಷಕ್ಕೆ 257 ಹೆಚ್ಚುವರಿ ಸಾವು. ಸೇಂಟ್ ಲೂಯಿಸ್‌ನಲ್ಲಿ 31.

ಈ ಎರಡು ಊರುಗಳ ಕಥೆಯನ್ನು ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ನವೆಂಬರಿನಲ್ಲಿ ಸೇಂಟ್ ಲೂಯಿಸ್ ಬಾಗಿಲು ತೆರೆದಾಗ ರೋಗ ಮತ್ತೆ ಏರಿತು, ಮತ್ತೆ ನಿರ್ಬಂಧ ಬಂತು. ಆ ಕಾಲದಲ್ಲಿ ಫ್ಲೂಗೆ ಲಸಿಕೆಯಿಲ್ಲ, ಔಷಧಿಯಿಲ್ಲ, ಅದು ವೈರಸ್ಸು ಅನ್ನುವುದೇ ಗೊತ್ತಿರಲಿಲ್ಲ. ತಂದ ಸಮಯದಲ್ಲಿ ಮಾಡುವಂಥದ್ದು ಜಾಸ್ತಿ ಏನೂ ಇರಲಿಲ್ಲ. ಆದರೂ ಒಟ್ಟು ಸಾವು ಕಡಿಮೆಯೇ ಆಯಿತು, ಯಾಕೆಂದರೆ ಎಲ್ಲರೂ ಒಂದೇ ವಾರ ಆಸ್ಪತ್ರೆ ಬಾಗಿಲು ಬಡಿಯಲಿಲ್ಲ.

ನಮ್ಮ ಕಾಲದಲ್ಲಿ ಸಮಯಕ್ಕೆ ಬೆಲೆ ಇನ್ನೂ ಜಾಸ್ತಿ ಇತ್ತು. 2020ರ ಜೂನ್ 16ರಂದು ಬ್ರಿಟನ್ನಿನ 'ರಿಕವರಿ' ಪ್ರಯೋಗದ ಫಲಿತಾಂಶ ಬಂತು. ಡೆಕ್ಸಾಮೆಥಸೋನ್, ದಶಕಗಳಿಂದ ಎಲ್ಲ ಕಡೆ ಸಿಗುವ ಅಗ್ಗದ ಸ್ಟೀರಾಯ್ಡ್. ವೆಂಟಿಲೇಟರ್ ಮೇಲಿದ್ದವರ ಸಾವನ್ನು ಅದು ಮೂರನೇ ಒಂದರಷ್ಟು ಇಳಿಸಿತು. ಬರೀ ಆಕ್ಸಿಜನ್ ಮೇಲಿದ್ದವರದ್ದು ಐದನೇ ಒಂದರಷ್ಟು. ಅದೇ ಮನುಷ್ಯ, ಅದೇ ರೋಗ, ಅದೇ ಹಾಸಿಗೆ. ಮಾರ್ಚ್‌ನಲ್ಲಿ ಮಲಗಿದವನಿಗೆ ಆ ಔಷಧಿ ಕೊಡಬೇಕು ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಜುಲೈನಲ್ಲಿ ಮಲಗಿದವನಿಗೆ ಮೊದಲ ದಿನವೇ ಸಿಕ್ಕಿತು. ಡಿಸೆಂಬರ್ 8ಕ್ಕೆ ಪ್ರಯೋಗದ ಹೊರಗೆ ಬ್ರಿಟನ್ನಿನಲ್ಲಿ ಲಸಿಕೆ ಶುರುವಾಯಿತು. ಕಾಯಿಲೆಯನ್ನು ಒಂಬತ್ತು ತಿಂಗಳು ಮುಂದೂಡಿಕೊಂಡ ಮುದುಕಿಗೆ ಅದು ಬೇರೆಯೇ ಕಾಯಿಲೆ.

ತಂದ ಸಾಲವನ್ನು ಪೋಲು ಮಾಡಿದವರೂ ಇದ್ದಾರೆ. ಹಾಂಕಾಂಗ್ ಎರಡು ವರ್ಷ ಗಡಿ ಬಿಗಿ ಮಾಡಿಕೊಂಡು ರೋಗವನ್ನು ಹೊರಗಿಟ್ಟಿತ್ತು. ಲಸಿಕೆ ದಂಡಿಯಾಗಿ ಇತ್ತು. ಆದರೆ 2022ರ ಶುರುವಿನಲ್ಲಿ ಒಮಿಕ್ರಾನ್ ಒಳಗೆ ನುಗ್ಗಿದಾಗ 80 ದಾಟಿದವರಲ್ಲಿ ಹೆಚ್ಚಿನವರಿಗೆ ಎರಡು ಡೋಸ್ ಆಗಿರಲಿಲ್ಲ. ರೋಗವೇ ಇಲ್ಲವಲ್ಲ, ಆತುರ ಯಾಕೆ ಅಂತ ಕೂತಿದ್ದರು. ಆ ಮಾರ್ಚ್‌ನಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಹೆಚ್ಚು ಸಾವು ಅಲ್ಲಿ ಆಯಿತು. ಚೀನಾದ ಕಥೆಯೂ ಹತ್ತಿರ ಹತ್ತಿರ ಇದೇ. ಶಾಂಘೈನ ಸುಮಾರು ಎರಡೂವರೆ ಕೋಟಿ ಜನರನ್ನು 2022ರ ಏಪ್ರಿಲ್, ಮೇ ಪೂರ್ತಿ ಮನೆಯೊಳಗೆ ಕೂರಿಸಿದರು. ಆ ವಸಂತದಲ್ಲಿ ದೇಶದ 80 ದಾಟಿದವರಲ್ಲಿ ಲಸಿಕೆ ಪೂರ್ತಿಯಾಗಿದ್ದದ್ದು ಅರ್ಧದಷ್ಟು ಜನರಿಗೆ. ಡಿಸೆಂಬರಿನಲ್ಲಿ ಒಂದೇ ಸಲಕ್ಕೆ ನಿಯಮ ಸಡಿಲಿಸಿದರು, ಅದೂ ಚಳಿಗಾಲದ ನಡುವೆ. ಅಷ್ಟು ದೊಡ್ಡ ಸಾಲ, ಅಷ್ಟು ಕಡಿಮೆ ಕೆಲಸ.

ಈಗ ಬಡ್ಡಿಗೆ ಬರೋಣ. ಇಲ್ಲಿ ಸ್ವಲ್ಪ ಸಿಟ್ಟೂ ಬರುತ್ತದೆ, ಕ್ಷಮಿಸಿ.

ಬಾಗಿಲು ಹಾಕಿದಾಗ ಎಲ್ಲರೂ ಒಂದೇ ದೋಣಿಯಲ್ಲಿದ್ದೇವೆ ಅಂತ ಹೇಳಿದರು. ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳ ತೆಗೆದುಕೊಳ್ಳುವ ನನ್ನಂಥವರಿಗೆ ಬಡ್ಡಿ ಅಂದರೆ ಬೇಸರ, ಬೆನ್ನು ನೋವು. ದಿನಗೂಲಿಯವರಿಗೆ ಅದು ಆ ದಿನದ ಊಟ. ಭಾರತದಲ್ಲಿ 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಣೆ, ಮಧ್ಯರಾತ್ರಿಯಿಂದ 21 ದಿನ ಎಲ್ಲ ಬಂದ್. ನಡುವೆ ಸಿಕ್ಕಿದ್ದು ನಾಲ್ಕು ಗಂಟೆ. ಕೂಲಿಗೆ ಬಂದವರು ಹೆದ್ದಾರಿಗಳಲ್ಲಿ ನೂರಾರು ಕಿಲೋಮೀಟರ್ ನಡೆದು ಊರು ಸೇರಿದರು. ಮನೆಯಲ್ಲಿರಿ ಅನ್ನುವ ಆದೇಶ, ಕೆಲಸವೂ ಸೂರೂ ಒಟ್ಟಿಗೆ ಹೋದವನ ಕಿವಿಗೆ ಹೇಗೆ ಕೇಳಿಸಿರಬೇಡ?

ಸಿಂಗಪುರದ ಪಾಠ ಇನ್ನೊಂದು ಥರದ್ದು. ಸೋಂಕಿತರ ಸಂಪರ್ಕ ಹುಡುಕುವುದರಲ್ಲಿ ಅವರು ಜಗತ್ತಿಗೇ ಮಾದರಿ ಅಂತ 2020ರ ಶುರುವಿನಲ್ಲಿ ಹೊಗಳಿಸಿಕೊಂಡಿದ್ದರು. ಆದರೆ ವಲಸೆ ಕೆಲಸಗಾರರ ಹಾಸ್ಟೆಲುಗಳು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಒಂದೇ ಕೋಣೆಯಲ್ಲಿ ಅಟ್ಟಣಿಗೆ ಮಂಚಗಳ ಮೇಲೆ ಅಷ್ಟೊಂದು ಜನ. ಏಪ್ರಿಲ್‌ನಲ್ಲಿ ರೋಗ ಅಲ್ಲಿ ಹೊತ್ತಿಕೊಂಡಿತು. ವರ್ಷದ ಕೊನೆಗೆ ಹಾಸ್ಟೆಲುಗಳ ಸುಮಾರು 3.2 ಲಕ್ಷ ಜನರಲ್ಲಿ 47% ಮಂದಿಗೆ ಸೋಂಕು ಬಂದು ಹೋಗಿತ್ತು. ಕಣ್ಣಿಗೆ ಬೀಳದವರನ್ನು ಮರೆತು ಮಾಡಿದ ಸುರಕ್ಷತೆ ಅದೇ ಜಾಗದಲ್ಲಿ ಸೋರಿತು.

ಬಡ್ಡಿ ಕಟ್ಟಿದವರಲ್ಲಿ ಅತಿ ಸಣ್ಣವರು ಮಕ್ಕಳು. ಯುನೆಸ್ಕೊ ಲೆಕ್ಕದಲ್ಲಿ 2020ರ ಏಪ್ರಿಲ್ ಹೊತ್ತಿಗೆ ಸುಮಾರು 160 ಕೋಟಿ ವಿದ್ಯಾರ್ಥಿಗಳು ಶಾಲೆ ಕಾಲೇಜಿನಿಂದ ಹೊರಗಿದ್ದರು. ಕೊರೊನಾ ಮಕ್ಕಳನ್ನು ತೀರಾ ಕಡಿಮೆ ಕಾಡುತ್ತದೆ ಅನ್ನುವುದು ಶುರುವಿನ ತಿಂಗಳುಗಳಲ್ಲೇ ಗೊತ್ತಾಗಿತ್ತು. ಮನೆಗೆ ಸೋಂಕು ತರಬಹುದು ಅನ್ನುವ ಭಯ ನಿಜವೇ. ಆದರೆ ಎಷ್ಟೋ ಕಡೆ ಬಾರು, ಜಿಮ್ಮು ಮೊದಲು ತೆರೆದವು, ಶಾಲೆ ಕೊನೆಗೆ. ಇದನ್ನು ಯಾವ ವಿಜ್ಞಾನವೂ ಹೇಳಿರಲಿಲ್ಲ. ಬಾರಿನ ಮಾಲೀಕನಿಗೆ ಸಂಘ ಇದೆ, ಮಂತ್ರಿಗೆ ಮನವಿ ಕೊಡುತ್ತಾನೆ. ಎಂಟು ವರ್ಷದ ಮಗು ಏನು ಮಾಡೀತು? 2022ರಲ್ಲಿ ವಿಶ್ವಬ್ಯಾಂಕ್, ಯುನಿಸೆಫ್, ಯುನೆಸ್ಕೊ ಸೇರಿ ಒಂದು ಅಂದಾಜು ಕೊಟ್ಟವು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಒಂದು ಸರಳ ಪಾಠವನ್ನು ಓದಿ ಅರ್ಥ ಮಾಡಿಕೊಳ್ಳಲಾಗದ ಹತ್ತು ವರ್ಷದ ಮಕ್ಕಳು ಮೊದಲು 57% ಇದ್ದರು. ಅದು 70% ಮುಟ್ಟಿತು.

ಡೆನ್ಮಾರ್ಕ್ ಉಲ್ಟಾ ಮಾಡಿತು. ಮೊದಲು ತೆರೆದದ್ದೇ ಸಣ್ಣ ಮಕ್ಕಳ ಶಾಲೆಗಳನ್ನು, 2020ರ ಏಪ್ರಿಲ್ 15ಕ್ಕೆ. ಮಕ್ಕಳನ್ನು ಸಣ್ಣ ಗುಂಪು ಮಾಡಿದರು, ಆದಷ್ಟು ಪಾಠ ಬಯಲಲ್ಲಿ ಮಾಡಿದರು. ಅದಕ್ಕೆ ಹೊಸ ಯಂತ್ರ ಬೇಕಿರಲಿಲ್ಲ. ಯಾವುದು ಮೊದಲು ಅನ್ನುವ ತೀರ್ಮಾನ ಬೇಕಿತ್ತು.

ವಯಸ್ಸಾದವರ ವಿಷಯದಲ್ಲಿ ಆದದ್ದು ನೆನೆಸಿಕೊಂಡರೆ ಇನ್ನೂ ಗಂಟಲು ಕಟ್ಟುತ್ತದೆ. ಅವರನ್ನು ಉಳಿಸುವುದಕ್ಕೆ ಅಂತಲೇ ವೃದ್ಧಾಶ್ರಮಗಳಿಗೆ ಭೇಟಿ ನಿಲ್ಲಿಸಿದರು. ಕಿಟಕಿ ಗಾಜಿನ ಆ ಕಡೆ ಅಮ್ಮ, ಈ ಕಡೆ ಮಗಳು, ನಡುವೆ ಎರಡು ಅಂಗೈ. ಮರೆವಿನ ಕಾಯಿಲೆ ಇದ್ದವರಿಗೆ ಮಗಳು ಯಾಕೆ ಒಳಗೆ ಬರುತ್ತಿಲ್ಲ ಅನ್ನುವುದೇ ಗೊತ್ತಾಗಲಿಲ್ಲ. ನೆದರ್‌ಲ್ಯಾಂಡ್ಸ್ ಕೂಡ ಮಾರ್ಚ್‌ನಲ್ಲಿ ಹೀಗೇ ಮುಚ್ಚಿತ್ತು. ಆದರೆ ಮೇ ತಿಂಗಳಲ್ಲಿ 26 ವೃದ್ಧಾಶ್ರಮಗಳಲ್ಲಿ ಪ್ರಯೋಗ ಮಾಡಿ ನೋಡಿತು. ಕಟ್ಟುನಿಟ್ಟಿನ ನಿಯಮದ ಜೊತೆ ಭೇಟಿಗೆ ಬಿಟ್ಟರು. ಮೊದಲ ವಾರಗಳಲ್ಲಿ ಹೊಸ ಸೋಂಕು ಕಾಣಲಿಲ್ಲ. ಹಾಗಾಗಿ ಬೇರೆ ಕಡೆಗೂ ವಿಸ್ತರಿಸಿದರು. ಮಾಡಿ ನೋಡುವುದು, ಅಳೆಯುವುದು, ಆಮೇಲೆ ನಿರ್ಧರಿಸುವುದು. ಇಷ್ಟು ಸರಳ ಕೆಲಸವನ್ನು ಎಷ್ಟು ಕಡಿಮೆ ದೇಶಗಳು ಮಾಡಿದವು ಅನ್ನುವುದೇ ಆಶ್ಚರ್ಯ.

ಇದೆಲ್ಲದರ ನಡುವೆ ದೊಡ್ಡ ಎಡವಟ್ಟು ಬೇರೆ ಕಡೆ ಆಗುತ್ತಿತ್ತು. ನಾವು ತಪ್ಪು ಜಾಗ ಒರೆಸುತ್ತಿದ್ದೆವು.

2020ರ ಮಾರ್ಚ್ 10. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಒಂದು ಗಾಯನ ತಂಡದ ಅಭ್ಯಾಸ. ಸಂಜೆ ಆರೂವರೆಯಿಂದ ಒಂಬತ್ತರವರೆಗೆ. ರೋಗದ ಸುದ್ದಿ ಆಗಲೇ ಬಂದಿತ್ತು, ಹಾಗಾಗಿ ಅವರು ಹುಷಾರಾಗಿಯೇ ಇದ್ದರು. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದರು. ಅಪ್ಪುಗೆ, ಕೈಕುಲುಕು ಬೇಡ ಅಂದುಕೊಂಡಿದ್ದರು. ಯಾರೂ ಕೆಮ್ಮುತ್ತಿರಲಿಲ್ಲ ಅಂತಲೇ ಎಲ್ಲರಿಗೂ ನೆನಪು. ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಕೂತು ಎರಡೂವರೆ ಗಂಟೆ ಬಾಯಿ ತುಂಬ ಹಾಡಿದರು. ಅಲ್ಲಿದ್ದ 61 ಜನರಲ್ಲಿ 53 ಜನರಿಗೆ ಕಾಯಿಲೆ ಬಂತು, ಕೆಲವರಿಗೆ ಪರೀಕ್ಷೆಯಲ್ಲಿ ಖಚಿತವಾಗಿ, ಉಳಿದವರಿಗೆ ಲಕ್ಷಣದಿಂದ. ಇಬ್ಬರು ತೀರಿಕೊಂಡರು. ಕೈ ಮುಟ್ಟಿರಲಿಲ್ಲ. ಹಂಚಿಕೊಂಡದ್ದು ಆ ಕೋಣೆಯ ಗಾಳಿಯನ್ನು.

ಇದಾಗಿ ಮೂರು ವಾರವೂ ಕಳೆದಿರಲಿಲ್ಲ, ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ಗಾಳಿಯಲ್ಲಿ ಹರಡುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿತು. ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ಬಹಿರಂಗ ಪತ್ರ ಬರೆದು ಹಾಗಲ್ಲ ಅಂದರು. ಸಂಸ್ಥೆ ತನ್ನ ವಿವರಣೆಯನ್ನು ಸರಿಯಾಗಿ ತಿದ್ದಿಕೊಂಡದ್ದು 2021ರಲ್ಲಿ. ಅಷ್ಟರಲ್ಲಿ ಜಗತ್ತು ಲೀಟರುಗಟ್ಟಲೆ ಸ್ಯಾನಿಟೈಸರ್ ಸುರಿದಿತ್ತು. ನಾನೂ ಮನೆಗೆ ಬಂದ ಪ್ಯಾಕೆಟ್ಟುಗಳನ್ನು ಸೋಪು ಹಾಕಿ ತೊಳೆದವನೇ, ಪತ್ರಿಕೆಯನ್ನು ಬಿಸಿಲಲ್ಲಿಟ್ಟು ಓದಿದವನೇ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿದ್ದೇನು ಗೊತ್ತಾ? ಸೋಂಕು ಇರುವ ಜಾಗ ಒಮ್ಮೆ ಮುಟ್ಟಿದರೆ ರೋಗ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತಲೂ ಕಡಿಮೆ.

ಇದು ಬರೀ ವಿಜ್ಞಾನಿಗಳ ಜಗಳ ಅಲ್ಲ. ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಅನ್ನುವುದೆಲ್ಲ ಇದರ ಮೇಲೇ ನಿಂತಿದೆ. ರೋಗ ಗಾಳಿಯಲ್ಲಿ ಬರುತ್ತದೆ ಅಂದರೆ ಪಾರ್ಕು, ಆಟದ ಬಯಲು ತೀರಾ ಸುರಕ್ಷಿತ ಜಾಗಗಳು. ಎಷ್ಟೋ ಊರುಗಳು ಮೊದಲು ಬೀಗ ಹಾಕಿದ್ದೇ ಅವಕ್ಕೆ. ಜನರನ್ನು ಬಯಲಿಂದ ಎಬ್ಬಿಸಿ ಕೋಣೆಯೊಳಗೆ ಕಳಿಸಿದರು.

ಜಪಾನ್ ಇದನ್ನು ಬೇಗ ಹಿಡಿಯಿತು. ಹಿತೋಶಿ ಒಶಿತಾನಿಯಂಥ ತಜ್ಞರು ರೋಗ ಗುಂಪು ಗುಂಪಾಗಿ ಹರಡುವುದನ್ನು ಗಮನಿಸಿದ್ದರು. ಸೋಂಕಿತರಲ್ಲಿ ಹೆಚ್ಚಿನವರು ಯಾರಿಗೂ ಹರಡುವುದಿಲ್ಲ, ಕೆಲವರು ಒಂದೇ ಕೋಣೆಯಲ್ಲಿ ಹತ್ತಾರು ಜನರಿಗೆ ಹಂಚುತ್ತಾರೆ. ಹಾಗಾಗಿ ಮೂರು ಜಾಗ ಬಿಡಿ ಅಂದರು. ಗಾಳಿಯಾಡದ ಕೋಣೆ, ಜನ ಕಿಕ್ಕಿರಿದ ಕಡೆ, ಮುಖಕ್ಕೆ ಮುಖ ಕೊಟ್ಟು ಮಾತಾಡುವ ಹತ್ತಿರ. ಈ ಮೂರಕ್ಕೂ ಸೇರಿ ಅವರಿಟ್ಟ 'ಸನ್‌ಮಿತ್ಸು' ಅನ್ನುವ ಹೆಸರು ಎಷ್ಟು ಬಾಯಿಗೆ ಬಂತು ಅಂದರೆ ಅಲ್ಲಿ ಆ ವರ್ಷದ ಪದ ಅಂತಲೇ ಆಯ್ಕೆಯಾಯಿತು. ಜನರನ್ನು ಮನೆಯಲ್ಲಿ ಕೂರಿಸಿ ದಂಡ ಹಾಕುವ ಕಾನೂನು ಅಲ್ಲಿನ ಸರ್ಕಾರಕ್ಕೆ ಇರಲಿಲ್ಲ. ಕೇಳಿಕೊಳ್ಳಬೇಕಿತ್ತು, ಹಾಗಾಗಿ ಅರ್ಥವಾಗುವ ಹಾಗೆ ಹೇಳಬೇಕಿತ್ತು.

ಗಾಳಿಯ ಲೆಕ್ಕ ಕಷ್ಟವೇನಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಪಾಲು. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಒಂದು ಕೋಣೆಯಲ್ಲಿ ಮೀಟರ್ 1,200 ತೋರಿಸಿದರೆ ಏನರ್ಥ? ನೀವು ಒಳಗೆಳೆಯುವ ಗಾಳಿಯಲ್ಲಿ ಸುಮಾರು 2% ಅಲ್ಲಿದ್ದವರ ಶ್ವಾಸಕೋಶದಿಂದ ಬಂದದ್ದು. ಐವತ್ತು ಉಸಿರಿಗೆ ಒಂದು ಉಸಿರು ಎಂಜಲು. ಕಿಟಕಿ ತೆರೆದರೆ ಇಳಿಯುತ್ತದೆ. ಕಿಟಕಿ ಇಲ್ಲದ ಕಡೆ ಫಿಲ್ಟರ್ ಇದೆ. 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಲ್ ಅನ್ನುವವರು ಒಂದು ಚೌಕಾಕಾರದ ಫ್ಯಾನಿಗೆ ನಾಲ್ಕು ಏರ್ ಫಿಲ್ಟರ್ ಸುತ್ತಿ, ಟೇಪು ಹಚ್ಚಿ ಮನೆಯಲ್ಲೇ ಮಾಡುವ ಡಬ್ಬ ತಯಾರಿಸಿದರು. ಶಾಲೆಯ ಮಕ್ಕಳೇ ಕೂತು ಜೋಡಿಸಬಹುದಾದ ವಸ್ತು. ಇಂಥ ಉಪಾಯಗಳಿಗೆ ಬಡ್ಡಿ ಇಲ್ಲವೇ ಇಲ್ಲ ಅನ್ನಬಹುದು. ತರಗತಿ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಕಿಟಕಿ ಮಾತ್ರ ತೆರೆದಿರುತ್ತದೆ.

ಮಾಸ್ಕ್ ಬಗ್ಗೆ ಎರಡೇ ಮಾತು. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಜನರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಉಚಿತವಾಗಿ ಕೊಟ್ಟು, ನೆನಪಿಸುತ್ತಾ ಇದ್ದಾಗ ಹಾಕಿಕೊಳ್ಳುವವರು 13%ರಿಂದ 42%ಗೆ ಏರಿದರು. ಲಕ್ಷಣ ಇರುವ ಸೋಂಕು ಸುಮಾರು 9% ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳ 60 ದಾಟಿದವರಲ್ಲಿ ಇಳಿಕೆ ಇನ್ನೂ ಜಾಸ್ತಿ. ಪವಾಡವೂ ಅಲ್ಲ, ವ್ಯರ್ಥವೂ ಅಲ್ಲ. ಮಾಸ್ಕ್ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಈ ಉತ್ತರ ರುಚಿಸಲಿಲ್ಲ.

ಇನ್ನು ಜನರನ್ನು ಒಪ್ಪಿಸುವ ವಿಷಯ. ನಿಯಮ ಎಷ್ಟೇ ಸರಿಯಿದ್ದರೂ ಅದನ್ನು ಹೇರಿದ ರೀತಿಯಿಂದ ಹಾಳಾಗುತ್ತದೆ. 2014ರ ಆಗಸ್ಟ್‌ನಲ್ಲಿ ಎಬೋಲಾ ಇದ್ದಾಗ ಲೈಬೀರಿಯಾ ಸರ್ಕಾರ ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಅನ್ನುವ ಬಡವರ ಬಡಾವಣೆಗೆ ಸುತ್ತಲೂ ಸೈನಿಕರನ್ನು ನಿಲ್ಲಿಸಿತು. ಹತ್ತಾರು ಸಾವಿರ ಜನ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳುತಂತಿ. ಗಲಾಟೆಯಾಯಿತು, ಗುಂಡು ಹಾರಿತು, ಒಬ್ಬ ಹದಿಹರೆಯದ ಹುಡುಗ ಸತ್ತ. ಹತ್ತು ದಿನದಲ್ಲಿ ಸರ್ಕಾರವೇ ತಂತಿ ತೆಗೆಯಿತು. ಎಬೋಲಾ ಸತ್ತವರ ದೇಹದಿಂದಲೂ ಹರಡುತ್ತದೆ. ಹಾಗಾಗಿ ಮುಖ ಮುಚ್ಚಿದ ಸಿಬ್ಬಂದಿ ಬಂದು ದೇಹವನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಜನ ಕಾಯಿಲೆಯವರನ್ನೇ ಬಚ್ಚಿಡಲು ಶುರು ಮಾಡಿದರು, ರಾತ್ರಿ ಹೊತ್ತು ತಾವೇ ಹೂಳಿದರು. ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಕ್ರಮ ತಂದಿತು. ಮನೆಯವರಿಗೆ ಹೇಳಿ, ಕೇಳಿ, ಅವರ ಧರ್ಮದ ಹಿರಿಯರನ್ನು ಕರೆದು, ಪ್ರಾರ್ಥನೆಗೆ ಸಮಯ ಕೊಟ್ಟು ಹೂಳುವುದು. ಮುಟ್ಟುವಂತಿಲ್ಲ ಅನ್ನುವ ನಿಯಮ ಹಾಗೇ ಇತ್ತು. ಬೀಳ್ಕೊಡುವುದಕ್ಕೆ ಅವಕಾಶ ಸಿಕ್ಕಿತು.

ಆಸ್ಟ್ರೇಲಿಯಾದ ಮೆಲ್ಬರ್ನ್ ಹೇರುವುದು, ಒಪ್ಪಿಸುವುದು ಎರಡು ಬಗೆಯನ್ನೂ ಒಂದೇ ವರ್ಷದಲ್ಲಿ ತೋರಿಸಿತು. 2020ರ ಜುಲೈ 4ರ ಶನಿವಾರ ಮಧ್ಯಾಹ್ನ ಒಂಬತ್ತು ಸರ್ಕಾರಿ ವಸತಿ ಕಟ್ಟಡಗಳನ್ನು ಪೊಲೀಸರು ಸುತ್ತುವರಿದರು. ಒಳಗೆ ಸುಮಾರು 3,000 ಜನ, ಹೊರಬರುವಂತಿಲ್ಲ, ಆ ಕ್ಷಣದಿಂದಲೇ. ಆಮೇಲೆ ತನಿಖೆ ಮಾಡಿದ ವಿಕ್ಟೋರಿಯಾ ರಾಜ್ಯದ ಓಂಬುಡ್ಸ್‌ಮನ್ (ಸರ್ಕಾರದ ಮೇಲಿನ ದೂರು ವಿಚಾರಿಸುವ ಅಧಿಕಾರಿ), ಕಟ್ಟಡ ಮುಚ್ಚಿದ್ದರಲ್ಲಿ ಅರ್ಥವಿತ್ತು, ಆದರೆ ಒಂದು ದಿನದ ಮುನ್ಸೂಚನೆಯನ್ನೂ ಕೊಡದೆ ಮಾಡಿದ್ದು ಮಾನವ ಹಕ್ಕಿಗೆ ವಿರುದ್ಧ ಅಂತ ಬರೆದರು. ಅದೇ ರಾಜ್ಯ ಇನ್ನೊಂದು ಕೆಲಸವನ್ನೂ ಮಾಡಿತು. ಕೆಮ್ಮು ಬಂದರೂ ಜನ ಕೆಲಸಕ್ಕೆ ಹೋಗುತ್ತಿದ್ದಾರೆ, ರಜೆ ಹಾಕಿದರೆ ಸಂಬಳ ಇಲ್ಲ ಅನ್ನುವುದು ಗೊತ್ತಾದಾಗ, ಪರೀಕ್ಷೆ ಮಾಡಿಸಿ ಫಲಿತಾಂಶ ಬರುವ ತನಕ ಮನೆಯಲ್ಲಿರುವವರಿಗೆ 450 ಆಸ್ಟ್ರೇಲಿಯನ್ ಡಾಲರ್, ಸೋಂಕು ಖಚಿತವಾದವರಿಗೆ 1,500 ಡಾಲರ್ ಕೊಟ್ಟಿತು. ಮನೆಯಲ್ಲಿರಿ ಅನ್ನುವ ಭಾಷಣಕ್ಕಿಂತ ಈ ಚೆಕ್ಕು ಜಾಸ್ತಿ ಮಾತಾಡುತ್ತದೆ, ಅಲ್ವಾ? ಬಡ್ಡಿಯನ್ನು ಎಲ್ಲರೂ ಸೇರಿ ಕಟ್ಟುವುದು ಅಂದರೆ ನನ್ನ ಪ್ರಕಾರ ಇದೇ.

ಸಾಲಕ್ಕೆ ಕಂತಿನ ಪಟ್ಟಿಯೂ ಬೇಕು. ಯಾವಾಗ ಮುಚ್ಚುತ್ತೇವೆ, ಯಾವಾಗ ತೆರೆಯುತ್ತೇವೆ ಅಂತ ಮೊದಲೇ ಹೇಳಿಬಿಟ್ಟರೆ ಜನ ತಡೆದುಕೊಳ್ಳುತ್ತಾರೆ. ನ್ಯೂಜಿಲೆಂಡ್ 2020ರ ಮಾರ್ಚ್ 21ರಂದು ನಾಲ್ಕು ಹಂತಗಳ ಪಟ್ಟಿಯನ್ನು ಜನರ ಮುಂದಿಟ್ಟಿತು. ಯಾವ ಹಂತದಲ್ಲಿ ಏನು ಮಾಡಬಹುದು, ಏನು ಬೇಡ ಅಂತ ಒಂದೇ ಪುಟ. ನಾಲ್ಕು ದಿನದ ಮೇಲೆ ಅತಿ ಬಿಗಿಯಾದ ಹಂತ ಬಂದಾಗ ಯಾರಿಗೂ ಅದು ಸಿಡಿಲಿನ ಹಾಗೆ ಎರಗಲಿಲ್ಲ. ಜೂನ್ 8ಕ್ಕೆ ದೇಶದಲ್ಲಿ ಒಬ್ಬ ಸೋಂಕಿತನೂ ಉಳಿದಿರಲಿಲ್ಲ, ಮನೆ ಮಠ ಎಲ್ಲ ಮಾಮೂಲಿಗೆ ಬಂತು. ಸುತ್ತಲೂ ಸಮುದ್ರ ಇದ್ದದ್ದು ಅನುಕೂಲವಾಯಿತು, ನಿಜ. ಆದರೆ 2021ರಲ್ಲಿ ಡೆಲ್ಟಾ ಹತೋಟಿ ತಪ್ಪಿದಾಗ ಅವರು ಒಂದು ಸೋಂಕೂ ಇರಬಾರದು ಅನ್ನುವ ಹಳೆಯ ಹಟ ಬಿಟ್ಟು ಲಸಿಕೆಯ ಲೆಕ್ಕಕ್ಕೆ ಬದಲಾದರು. ಅದಕ್ಕೆ ಸಮುದ್ರ ಬೇಕಿಲ್ಲ.

ಸ್ವೀಡನ್ನನ್ನು ಎರಡೂ ಕಡೆಯವರು ತಮ್ಮ ಸಾಕ್ಷಿ ಅಂತ ಎಳೆದಾಡುತ್ತಾರೆ. ಅಲ್ಲಿನ ಕೊರೊನಾ ಆಯೋಗವೇ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಜನರ ಮೇಲೆ ಹೇರದೆ ಕೇಳಿಕೊಂಡ ದಾರಿ ಒಟ್ಟಾರೆ ಸರಿ, ಆದರೆ ಶುರುವಿನಲ್ಲಿ ಬೇಗ, ಇನ್ನೂ ಗಟ್ಟಿಯಾಗಿ ಹೆಜ್ಜೆ ಇಡಬೇಕಿತ್ತು ಅಂತ. ವೃದ್ಧಾಶ್ರಮಗಳನ್ನು ಕಾಪಾಡುವುದರಲ್ಲಿ ಸೋತೆವು ಅಂತ ಅದಕ್ಕೂ ಮೊದಲೇ ಹೇಳಿತ್ತು. ಸಣ್ಣ ಮಕ್ಕಳ ಶಾಲೆ ತೆರೆದಿಟ್ಟದ್ದು ಸರಿ, ಅಜ್ಜ ಅಜ್ಜಿಯರನ್ನು ಮರೆತದ್ದು ತಪ್ಪು. ಎರಡೂ ಒಂದೇ ದೇಶದ ಕಥೆ.

2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಮಾಮೂಲಿಗಿಂತ ಸುಮಾರು 1.49 ಕೋಟಿ ಜನ ಜಾಸ್ತಿ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂಥದ್ದು ಮತ್ತೆ ಬಂದರೆ ಅಂತ ಮೂರು ವರ್ಷ ಚೌಕಾಸಿ ಮಾಡಿ ದೇಶಗಳು 2025ರ ಮೇ 20ರಂದು ಜಿನೀವಾದಲ್ಲಿ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದವು. ಲಸಿಕೆ ಹಂಚುವುದು, ಹೊಸ ರೋಗಾಣುವಿನ ಮಾಹಿತಿ ಕೊಡುವುದು ಎಲ್ಲ ಅದರಲ್ಲಿದೆ. ಲಾಕ್‌ಡೌನ್ ಬಗ್ಗೆ ಅದು ಹೇಳುವುದು ಮುಖ್ಯವಾಗಿ ಒಂದೇ ಮಾತು. ಯಾವ ದೇಶದ ಮೇಲೂ ಅದನ್ನು ಹೇರುವ ಅಧಿಕಾರ ವಿಶ್ವ ಆರೋಗ್ಯ ಸಂಸ್ಥೆಗೆ ಇಲ್ಲ. ಅಂದರೆ ಬೀಗದ ಕೈ ಆಯಾ ಸರ್ಕಾರದ ಜೇಬಿನಲ್ಲೇ ಇದೆ. ಯಾವ ಬಾಗಿಲಿಗೆ, ಎಷ್ಟು ದಿನಕ್ಕೆ, ಯಾರ ಖರ್ಚಿನಲ್ಲಿ ಅನ್ನುವುದನ್ನು ಆಯಾ ದೇಶವೇ ತೀರ್ಮಾನಿಸಬೇಕು.

ನನ್ನ ಚೀಲದಲ್ಲಿ ಈಗ ಇಂಗಾಲದ ಡೈಆಕ್ಸೈಡ್ ಅಳೆಯುವ ಅಂಗೈ ಅಗಲದ ಒಂದು ಗಾಳಿ ಮೀಟರ್ ಇರುತ್ತದೆ. ಗೆಳೆಯರು ನಗುತ್ತಾರೆ, ನಗಲಿ ಬಿಡಿ. ಮೊನ್ನೆ ಒಂದು ಸಭೆಯಲ್ಲಿ ಮೂವತ್ತು ಜನ ಕೂತಿದ್ದೆವು. ಒಂದು ಗಂಟೆಯಾದ ಮೇಲೆ ಮೀಟರ್ ತೆಗೆದು ನೋಡಿದೆ. 1,900. ಎದ್ದು ಹೋಗಿ ಕಿಟಕಿ ತೆರೆದೆ. ಎರಡು ನಿಮಿಷ ಆಗಿರಬೇಕು, ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದರು. 'ಎಸಿ ಹಾಕಿದೆ, ಅಲ್ವಾ' ಅಂತ ಮೆಲ್ಲಗೆ ಹೇಳಿ ಕಿಟಕಿ ಮುಚ್ಚಿದರು. ಆ ಕಿಟಕಿಯ ಪಕ್ಕದ ಗೋಡೆಯ ಮೇಲೆ, ಅರ್ಧ ಕಿತ್ತುಹೋದ ಒಂದು ಹಳೆಯ ಸ್ಟಿಕ್ಕರ್ ಇತ್ತು. 'ಆರು ಅಡಿ ಅಂತರ ಕಾಪಾಡಿ.'